ಸ್ಲ್ಯಾಬಿನ ಮೇಲಿನ ನೀರು

ನನ್ನ ಗಂಡ ಮೇಸ್ತ್ರಿ. ತಾನು ಹಾಕಿದ ಸ್ಲ್ಯಾಬಿನಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಹೇಳಿಕೊಂಡು ತಿರುಗುವ ಆಸಾಮಿ. ಹೊಸ ಕಾಂಕ್ರೀಟು ಒಣಗಬಾರದೆಂದು ಅದರ ಮೇಲೆ ಗಾರೆಯ ಪುಟ್ಟ ಬದು ಕಟ್ಟಿ ಮೂರು ವಾರ ನೀರು ನಿಲ್ಲಿಸುತ್ತಾನೆ. ಬದು ಕಟ್ಟುವುದು ಅವನ ಕೆಲಸ, ನಾಲ್ಕು ಮಹಡಿ ಹತ್ತಿ ನೀರು ಹೊರುವುದು ನನ್ನದು. ಮಗಳ ಜೊತೆ ನಾವಿರುವುದು ಅದೇ ಕಟ್ಟಡದ ಬುಡದಲ್ಲಿ, ತಗಡಿನ ಶೆಡ್ಡಿನಲ್ಲಿ.

ಒಂದು ದಿನ ಆರೋಗ್ಯ ಇಲಾಖೆಯ ಅಕ್ಕ ಬಂದಳು. ಸ್ಲ್ಯಾಬಿನ ನೀರನ್ನು ಸೌಟಿನಲ್ಲಿ ಮೊಗೆದು ನನ್ನ ಮೂಗಿನ ಕೆಳಗೆ ಹಿಡಿದಳು. ದಾರದ ಚೂರಿನಂಥ ಹುಳುಗಳು ಮಿಸುಕಾಡುತ್ತಿದ್ದವು.

"ಇವೇ ನಾಳೆ ಸೊಳ್ಳೆ. ಊರೆಲ್ಲಾ ಮಲೇರಿಯಾ ಹಬ್ಬಿದೆ. ನೀರು ಚೆಲ್ಲಿ, ಒದ್ದೆ ಗೋಣಿಚೀಲ ಹೊದಿಸಿ. ಸ್ಲ್ಯಾಬಿಗೆ ಅಷ್ಟೇ ಸಾಕು," ಅಂದಳು.

"ಆಯ್ತಕ್ಕ," ಎಂದು ಗಂಡ ಅವಳೆದುರಿಗೇ ಬದು ಒಡೆದ. ಅವಳು ಗೇಟು ದಾಟಿದ್ದೇ ತಡ, ಮತ್ತೆ ಕಟ್ಟಿದ.

"ಗೋಣಿಚೀಲ ಹೊದಿಸೋಕೆ ಸ್ಲ್ಯಾಬಿಗೇನು ಚಳಿಯಾ?" ಎಂದು ನಕ್ಕ. ನಾನೂ ನಕ್ಕು ಕೊಡ ಎತ್ತಿಕೊಂಡೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮುಂದಿನ ಮಹಡಿಗೂ ಹಾಗೇ ನೀರು ನಿಲ್ಲಿಸಿದೆವು. ಅದು ಮುಗಿಯುವ ಮೊದಲೇ ಆರು ವರ್ಷದ ಮಗಳಿಗೆ ಚಳಿಜ್ವರ ಬಂತು. ಹಲ್ಲು ಕಟಕಟ ಅನ್ನುತ್ತಿತ್ತು. ಇದ್ದ ಒಂದು ಕಂಬಳಿ ಸಾಲದೆ ಗೋಣಿಚೀಲ ಹೊದಿಸಿದೆವು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಅವಳಿಗೆ ನಮ್ಮ ಗುರುತೇ ಸಿಗುತ್ತಿರಲಿಲ್ಲ.

ಮಾರನೇ ದಿನ ವಾರ್ಡಿಗೆ ಅದೇ ಅಕ್ಕ ಬಂದಳು. ಜ್ವರ ಎಲ್ಲಿಂದ ಹಬ್ಬುತ್ತಿದೆ ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ನನ್ನ ಹೆಗಲ ಮೇಲೆ ಕೈಯಿಟ್ಟಳು.

"ನೀವು ನಾನು ಹೇಳಿದ ಮಾತು ಕೇಳಿದೋರು. ನಿಮ್ಮ ತಪ್ಪೇನಿಲ್ಲಮ್ಮ. ಪಕ್ಕದ ಬೀದೀಲಿ ಎಲ್ಲೋ ನೀರು ನಿಂತಿರಬೇಕು, ಹುಡುಕ್ತೀನಿ."

ಗಂಡ ನೆಲ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಎಲ್ಲೂ ಹುಡುಕಬೇಡಿ. ನಮ್ಮ ಸ್ಲ್ಯಾಬಿನ ಮೇಲೇ ಇದೆ. ಅವತ್ತು ನೀವು ಹೋದ್ಮೇಲೆ ನಾನೇ ಮತ್ತೆ ತುಂಬಿಸಿದೆ," ಅಂದೆ.

ಅವಳು ಹೆಗಲ ಮೇಲಿನ ಕೈ ತೆಗೆದಳು. ಗಂಡ ಎದ್ದು ಹೊರಗೆ ಹೋದ.

ಅವನು ಮರಳಿದ್ದು ಸಂಜೆಗೆ. ಮೊಣಕೈವರೆಗೂ ಗಾರೆಯ ಪುಡಿ ಮೆತ್ತಿತ್ತು. ಮಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳ ಪಾದ ಹಿಡಿದುಕೊಂಡ.

"ಬದುವೆಲ್ಲಾ ಒಡೆದು ಚೀಲ ಹೊದಿಸಿದೆ. ಒಂದು ಮೂಲೆಗೆ ಚೀಲ ಕಮ್ಮಿ ಬಿತ್ತು," ಅಂದ. "ಇವಳಿಗೆ ಹೊದಿಸಿದ್ದು ಶೆಡ್ಡಲ್ಲಿತ್ತು. ತೆಗೀಲಿಲ್ಲ, ಬಂದ್ಮೇಲೆ ಬೇಕಾಗುತ್ತೆ."

ಅವಳ ಪಾದದ ಮೇಲೆ ಹೊದಿಕೆ ಎಳೆದು ಮತ್ತೆ ಅಂದ, "ಆ ಮೂಲೆ ಬಿರುಕು ಬಿಟ್ರೆ ಬಿಡ್ಲಿ."