ಒಂದು ಯಂತ್ರಕ್ಕೆ ಒಂದು ಸಿಹಿ

"ಬಿಸಿ ಪುಡ್ಡಿಂಗೋ, ತಣ್ಣನೆ ಕಸ್ಟರ್ಡೋ, ಬೇಗ ಹೇಳಿ ತಾಯಂದಿರಾ. ನಿಮ್ಮ ಹಿಂದೆ ನಿಂತವರ ಕೂದಲು ನರೆತು ಹೋಗ್ತಿದೆ," ಎಂದ ಸೌಟು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬಡಿಸುವವನು ಅವನು. ಇಪ್ಪತ್ತು ವರ್ಷ ಕೈಯಲ್ಲಿ ಹಿಡಿದ ಸೌಟೇ ಕೊನೆಗೆ ಅವನ ಹೆಸರೂ ಆಗಿತ್ತು.

"ಅವಸರ ಮಾಡಬೇಡಪ್ಪ. ಕೇಸು ಇನ್ನೂ ವಿಚಾರಣೆಯಲ್ಲಿದೆ," ಎಂದಳು ಲಾಯರಮ್ಮ.

ಲಾಯರಮ್ಮ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂರನೇ ನಂಬರಿನ ಇಸ್ತ್ರಿ ಯಂತ್ರದ ಎಡಗಡೆ ನಿಂತು ಇಪ್ಪತ್ತಾರು ವರ್ಷ ಸವೆಸಿದವಳು. ಬಲಗಡೆ ನಿಲ್ಲುವವಳು ಕಡ್ಡಿ. ಮೈ ನೋಡಿ ಯಾರೋ ಇಟ್ಟ ಹೆಸರು. ಎರಡು ಹೆತ್ತ ಮೇಲೂ ಹೆಸರಿಗೆ ಮೋಸ ಮಾಡಿರಲಿಲ್ಲ. ಇಬ್ಬರದೂ ಒಂದೇ ಕೆಲಸ. ಒದ್ದೆ ಹಾಸಿಗೆ ಬಟ್ಟೆಯ ಒಂದೊಂದು ಮೂಲೆ ಹಿಡಿದು, ಬಿಗಿಯಾಗಿ ಎಳೆದು, ಕಾದ ಉರುಳೆಯ ಬಾಯಿಗೆ ಕೊಡುವುದು. ಉರುಳೆ ಬಟ್ಟೆಯನ್ನು ಕಚ್ಚಿಕೊಂಡ ತಕ್ಷಣ ಇಬ್ಬರೂ ಒಟ್ಟಿಗೆ ಕೈ ಬಿಡಬೇಕು. ಒಬ್ಬಳು ಮೊದಲು ಬಿಟ್ಟರೆ ಬಟ್ಟೆ ಓರೆಯಾಗಿ ಸುಕ್ಕು ಬೀಳುತ್ತದೆ. ಒಬ್ಬಳು ತಡ ಮಾಡಿದರೆ ಬೆರಳು ಬೇಯುತ್ತದೆ.

ವಾರವಿಡೀ ಒಂದು ಸುಕ್ಕೂ, ಒಂದು ಸುಟ್ಟ ಕಲೆಯೂ ಬೀಳಿಸದ ಯಂತ್ರಕ್ಕೆ ಶನಿವಾರ ಒಂದು ಸಿಹಿಯ ಚೀಟಿ. ಗಮನಿಸಿ, ಯಂತ್ರಕ್ಕೆ. ಯಂತ್ರದ ಎರಡು ಕಡೆ ಎರಡು ಬಾಯಿ ಇವೆ ಎಂಬುದು ಈ ನಿಯಮ ಬರೆದ ಪುಣ್ಯಾತ್ಮನಿಗೆ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ ಇನ್ನೂ ಕೆಟ್ಟದು. ಅದಕ್ಕೇ ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಇವರಿಬ್ಬರೂ ಒಂದು ಚೀಟಿ ಹಿಡಿದು ಇಲ್ಲಿ ನಿಂತು ವಾದ ಮಾಡುತ್ತಿದ್ದರು. ಇಬ್ಬರಿಗೂ ಎರಡೂ ಇಷ್ಟ. ಕಷ್ಟ ಇದ್ದದ್ದೇ ಅಲ್ಲಿ.

"ಪುಡ್ಡಿಂಗ್ ಅಂದ್ರೆ ಏನು? ನಿನ್ನೆಯ ಬ್ರೆಡ್ಡು," ಲಾಯರಮ್ಮ ಶುರು ಮಾಡಿದಳು. "ಕಸಕ್ಕೆ ಹೋಗಬೇಕಾದದ್ದು. ಹಾಲು ಸಕ್ಕರೆ ಕುಡ್ಕೊಂಡು, ಬೆಂಕಿ ಮುಂದೆ ಕೂತ್ಕೊಂಡು, ಕಷ್ಟಪಟ್ಟು ಮರ್ಯಾದೆ ಸಂಪಾದಿಸಿದೆ. ಅದರ ಪರವಾಗಿ ನಾವು ನಿಲ್ಲದೆ ಇನ್ಯಾರು ನಿಲ್ತಾರೆ? ಆದರೆ ಕಸ್ಟರ್ಡಿನ ಕಡೆಗೂ ನೋಡ್ಬೇಕು. ಪಾಪ, ಮೈಯಲ್ಲಿ ಒಂದು ಮೂಳೆ ಇಲ್ಲ. ತಟ್ಟೆ ಮುಟ್ಟಿದ್ರೆ ಸಾಕು, ನಡುಗುತ್ತೆ. ಥೇಟ್ ಮೇಸ್ತ್ರಿ ಮುಂದೆ ನಿಂತ ನಮ್ಮ ಹಾಗೆ. ಏನಂತೀಯ ಕಡ್ಡಿ?"

ಕಡ್ಡಿಯ ಸರದಿ ಅದು. ಕಳೆದ ವಾರವಾಗಿದ್ದರೆ, 'ತಣ್ಣಗಿರೋದು ನಾಲಿಗೆಗೆ ರಜೆ ಇದ್ದ ಹಾಗಕ್ಕಾ, ವಾರವೆಲ್ಲ ಬಿಸಿಯಲ್ಲೇ ಬೇಯ್ತೀವಿ' ಎಂದು ಎದುರುವಾದ ಹೂಡುತ್ತಿದ್ದಳು. ಇವತ್ತು, "ಯಾವುದಾದ್ರೂ ಸರಿ," ಎಂದಳು.

"ಹಾಗಂದ್ರೆ ಹೇಗೆ? ಎದುರು ಪಕ್ಷದವರು ಹೀಗೆ ಕೈಚೆಲ್ಲಿ ಕೂತ್ರೆ ಗೆದ್ದವರಿಗೆ ಏನು ರುಚಿ?"

"ಸಾಕಾಗಿದೆಯಕ್ಕಾ. ನಿದ್ದೆ ಇಲ್ಲ."

ನಿದ್ದೆ ಇಲ್ಲದ್ದು ನಿಜ. ಗುರುವಾರದಿಂದ ಇಲ್ಲ.

ಸೋಮವಾರ ಹೊಸ ಯಂತ್ರ ಬರುವುದಿತ್ತು. ಬಟ್ಟೆಯ ಎರಡೂ ಮೂಲೆಯನ್ನು ಅದೇ ಹಿಡಿದುಕೊಳ್ಳುತ್ತದಂತೆ. ಗುಂಡಿ ಒತ್ತಲು ಒಬ್ಬಳು ಸಾಕಂತೆ. ಇನ್ನೊಬ್ಬಳು ನೆಲಮಾಳಿಗೆಗೆ, ಕೊಳೆ ಬಟ್ಟೆ ಬೇರೆ ಮಾಡುವ ಕೋಣೆಗೆ. "ನೀವಿಬ್ಬರೇ ಮಾತಾಡಿ ತೀರ್ಮಾನ ಮಾಡ್ಕೊಳ್ಳಿ, ಇಲ್ಲಾಂದ್ರೆ ಶನಿವಾರ ಸಂಜೆ ನಾಲ್ಕಕ್ಕೆ ನಾನೇ ಹೆಸರು ಓದ್ತೀನಿ," ಎಂದಿದ್ದ ಮೇಸ್ತ್ರಿ. ಅವರಿಬ್ಬರೂ ಆ ಮಾತು ಬಿಟ್ಟು ಜಗತ್ತಿನ ಮಿಕ್ಕೆಲ್ಲ ಮಾತನ್ನೂ ಆಡಿದ್ದರು. ಮೇಲಿನವರಿಗೆ ಬೇಕಾದದ್ದೂ ಅದೇ. ಇಬ್ಬರಲ್ಲಿ ಒಬ್ಬರನ್ನು ಕತ್ತರಿಸುವ ಪಾಪ ತಮ್ಮ ಕೈಗೆ ಅಂಟಬಾರದು. ಕತ್ತಿಯನ್ನು ಮಧ್ಯದಲ್ಲಿಟ್ಟು ಚಹಾ ಕುಡಿಯಲು ಹೋಗಬೇಕು.

ಕಡ್ಡಿಗೆ ನೆಲಮಾಳಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಅವಳಿದ್ದದ್ದು ಅಲ್ಲೇ. ರಕ್ತ, ಕೀವು, ವಾಂತಿ ಮೆತ್ತಿದ ಬಟ್ಟೆಯನ್ನು ಬಿಡಿಸಿ ರಾಶಿ ಹಾಕಬೇಕು. ಎಷ್ಟು ಉಜ್ಜಿ ತೊಳೆದರೂ ಆ ನಾತ ಕೈ ಬಿಡುತ್ತಿರಲಿಲ್ಲ. ದೊಡ್ಡ ಮಗಳು ಆಗ ಕೂಸು. ಅಮ್ಮನ ಕೈ ಮುಖದ ಹತ್ತಿರ ಬಂದರೆ ಕತ್ತು ಹೊರಳಿಸುತ್ತಿತ್ತು. ಅಲ್ಲಿಂದ ಅವಳನ್ನು ಮೇಲೆ ತಂದವಳು ಲಾಯರಮ್ಮ. ಮೇಸ್ತ್ರಿಯ ತಲೆ ತಿಂದು, "ನನಗೆ ಬಲಗಡೆಗೆ ಆ ಕಡ್ಡಿಯೇ ಬೇಕು," ಎಂದು ಹಟ ಹಿಡಿದು ತಂದಿದ್ದಳು.

ಹಟಕ್ಕೆ ಕಾರಣವೂ ಇತ್ತು. ಉರುಳೆಯ ಕಾವಿಗೆ ವರ್ಷಗಟ್ಟಲೆ ಬೆಂದು ಲಾಯರಮ್ಮನ ಎಡಗೈಯ ಮೂರು ಬೆರಳು ಸತ್ತು ಹೋಗಿದ್ದವು. ಬಿಸಿ, ತಂಪು ಏನೂ ತಿಳಿಯುತ್ತಿರಲಿಲ್ಲ. ಕಾವು ತಿಳಿಯದ ಕೈಯನ್ನು ಯಂತ್ರದ ಬಳಿ ಯಾರೂ ಬಿಡುವುದಿಲ್ಲವೆಂದು, ಅದನ್ನು ಕಡ್ಡಿಗೆ ಮಾತ್ರ ಹೇಳಿದ್ದಳು. ಅಂದಿನಿಂದ, ಬೆರಳು ಉರುಳೆಯ ಹತ್ತಿರ ಬಂದಾಗ ಕಡ್ಡಿ ನಾಲಿಗೆಯಲ್ಲಿ 'ಟಕ್' ಎನ್ನುವುದು, ಲಾಯರಮ್ಮ ಕೈ ಬಿಡುವುದು. ಇದು ಕಡ್ಡಿಯ ಚಾಳಿ ಎಂದೇ ಎಲ್ಲರೂ ನಂಬಿದ್ದರು. ದಿನಕ್ಕೆ ಆರುನೂರು ಸಲ, ಹನ್ನೊಂದು ವರ್ಷ, ಒಂದು ದಿನವೂ ಆ 'ಟಕ್' ತಪ್ಪಿರಲಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ಕಡ್ಡಿ ಮೇಸ್ತ್ರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತಿದ ಏಣಿ ಒದೆಯಲು ಎರಡು ನಿಮಿಷ ಸಾಕಾಯಿತು.

"ಸರಿ, ತೀರ್ಪು," ಎಂದಳು ಲಾಯರಮ್ಮ. "ಪುಡ್ಡಿಂಗ್."

ಸೌಟು ಹಬೆ ಪೆಟ್ಟಿಗೆಯಿಂದ ಸ್ಟೀಲ್ ಬಟ್ಟಲು ಇಕ್ಕಳದಲ್ಲಿ ಹಿಡಿದೆತ್ತಿ ಕಟ್ಟೆಯ ಮೇಲಿಟ್ಟ. ಬಿಸಿ ಬಟ್ಟಲನ್ನು ಏಪ್ರನ್ನಿನ ಸೆರಗಿನಲ್ಲಿ ಹಿಡಿದು ಮೇಜಿಗೆ ತರುವುದು ಯಾವತ್ತೂ ಕಡ್ಡಿಯ ಕೆಲಸ. ಅವಳು ಸೆರಗು ಮಡಚಿ ಕೈ ಚಾಚುವುದರೊಳಗೆ ಲಾಯರಮ್ಮ ಎಡಗೈಯಲ್ಲಿ ಬಟ್ಟಲನ್ನು ಎತ್ತಿಕೊಂಡು ನಡೆದೇಬಿಟ್ಟಳು.

"ಅಕ್ಕಾ, ಕೈ," ಎಂದಳು ಕಡ್ಡಿ.

"ಏನಾಗಿದೆ ಕೈಗೆ?"

ಕಿಟಕಿ ಪಕ್ಕದ ಮೇಜು. ಲಾಯರಮ್ಮ ಬಟ್ಟಲನ್ನು ಕೆಳಗಿಟ್ಟು, ಯಾವತ್ತಿನಂತೆ ಚಮಚದ ಅಂಚಿನಿಂದ ಪುಡ್ಡಿಂಗಿನ ನಡುವೆ ನೇರ ಗೆರೆ ಎಳೆದಳು. ಆಚೆ ಕಡ್ಡಿಯದು, ಈಚೆ ತನ್ನದು. ಅವಳ ಬೆರಳ ತುದಿಗಳು ಕೆಂಪಾಗಿದ್ದವು. ಅವಳು ಅದನ್ನು ನೋಡಿಕೊಳ್ಳಲಿಲ್ಲ.

"ನಿನ್ನೆ ಒಂದು ತಮಾಷೆ ಆಯ್ತು ಕಣೇ," ಎಂದಳು, ಕೌಂಟರಿನ ಮುಂದಿದ್ದ ಅದೇ ದನಿಯಲ್ಲಿ. "ನೀನು ಬರೋದಕ್ಕೆ ಮುಂಚೆ. ಮೇಸ್ತ್ರಿ ಬೆಳಬೆಳಿಗ್ಗೆ ನಮಗೆಲ್ಲ ಚಹಾ ತಂದ. ತಾನೇ ತಂದ. ಇಪ್ಪತ್ತಾರು ವರ್ಷದಲ್ಲಿ ಆ ಮಹಾನುಭಾವ ಒಂದು ಲೋಟ ನೀರು ಕೊಟ್ಟವನಲ್ಲ. ಸ್ಟೀಲ್ ಲೋಟದಲ್ಲಿ ಕುದಿಯೋ ಚಹಾ. ಎಲ್ಲರೂ ಹಾ ಹೂ ಅಂತ ಲೋಟ ಕೆಳಗಿಟ್ಟು ಬೆರಳು ಊದ್ಕೊಳ್ತಿದ್ದಾರೆ. ನಾನೊಬ್ಬಳು ಎಡಗೈಯಲ್ಲಿ ಹಿಡ್ಕೊಂಡು, ಇವತ್ತು ಏನಪ್ಪ ವಿಶೇಷ ಅಂತ ಅವನನ್ನೇ ಮಾತಾಡಿಸ್ತಾ ನಿಂತಿದ್ದೀನಿ. ಅವನು ನನ್ನ ಮುಖ ನೋಡ್ತಾ ಇಲ್ಲ. ಲೋಟ ನೋಡ್ತಿದ್ದಾನೆ."

ಕಡ್ಡಿಯ ಚಮಚ ಗೆರೆಯ ಮೇಲೆ ನಿಂತಿತು.

"ಆಮೇಲೆ ಹೊಳೀತು. ಇಡೀ ಲಾಂಡ್ರಿಯಲ್ಲಿ ಈ ವಿಷಯ ಇಬ್ಬರಿಗೇ ಗೊತ್ತು. ಒಬ್ಬಳು ನಾನು. ನಾನಂತೂ ಹೇಳಿಲ್ಲ." ಒಂದು ಚಮಚ ಬಾಯಿಗಿಟ್ಟುಕೊಂಡು ನಿಧಾನವಾಗಿ ನುಂಗಿದಳು. "ಸಕ್ಕರೆ ಇವತ್ತು ಚೂರು ಮುಂದಾಗಿದೆ. ಕಸ್ಟರ್ಡೇ ತಗೋಬೇಕಿತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೂ ಕಡ್ಡಿಗೆ ಶಕ್ತಿ ಇರಲಿಲ್ಲ. ಎರಡು ರಾತ್ರಿಯ ಆಯಾಸ ಒಟ್ಟಿಗೇ ಬಂದು ಮೇಜಿನ ಮೇಲೆ ಕೂತಂತಾಯಿತು.

"ನಾನೇ ಹೇಳಿದ್ದು," ಎಂದಳು.

"ಹೂಂ."

"ನನ್ನಿಂದ ಮತ್ತೆ ಕೆಳಗೆ ಹೋಗೋಕಾಗಲ್ಲ ಅಕ್ಕಾ. ಚಿಕ್ಕವಳಿಗೆ ಇನ್ನೂ ನಾನೇ ಉಣ್ಣಿಸಬೇಕು. ಆ ಕೈಯಲ್ಲಿ..."

"ನನ್ನ ಹತ್ರ ಹೇಳಿದ್ರೆ ಆಗ್ತಿರಲಿಲ್ವಾ? ನಾನೇ ಹೋಗ್ತೀನಿ ಅಂತಿದ್ದೆನೋ ಏನೋ." ಲಾಯರಮ್ಮ ಸ್ವಲ್ಪ ಯೋಚಿಸಿದಳು. "ಅಂತಿರಲಿಲ್ಲ ಅನ್ಸುತ್ತೆ. ನನ್ನ ಮಂಡಿಗೆ ಆ ಮೆಟ್ಟಿಲು ಆಗಿಬರಲ್ಲ. ವಾದ ಮಾಡ್ತಿದ್ದೆ. ಗೆಲ್ತಿದ್ದೆ ಕೂಡ."

ಪಕ್ಕದ ಮೇಜಿನಲ್ಲಿ ಯಾರೋ ಕುರ್ಚಿ ಎಳೆದರು.

"ಕೆಳಗಿನ ಬಟ್ಟೆಯಲ್ಲಿ ಇಂಜೆಕ್ಷನ್ ಸೂಜಿ ಬರ್ತಿತ್ತು ಅಂತಿದ್ದೆಯಲ್ಲ, ಈಗಲೂ ಬರುತ್ತಾ?"

ಕಡ್ಡಿ ತಲೆ ಎತ್ತಲಿಲ್ಲ. ಗುರುವಾರ ಮೇಸ್ತ್ರಿಯ ಬಾಗಿಲು ತಟ್ಟುವಾಗ ಅವಳಿಗೆ ನಾತ ನೆನಪಿತ್ತು, ಮಗುವಿನ ಹೊರಳಿದ ಕತ್ತು ನೆನಪಿತ್ತು. ಸೂಜಿ ನೆನಪಾಗಿರಲಿಲ್ಲ. ವಾರ್ಡಿನವರು ಮರೆತು ಬಿಟ್ಟ ಸೂಜಿಗಳು ಮಡಿಕೆಯೊಳಗೆ ಅಡಗಿರುತ್ತಿದ್ದವು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳೇ ಹುಡುಕಬೇಕು.

"ಬರುತ್ತೆ," ಎಂದಳು.

"ನನಗೆ ಚುಚ್ಚಿದ್ರೂ ನೋವಾಗಲ್ಲ ಬಿಡು. ಅದೂ ಒಂದು ಅನುಕೂಲವೇ," ಎಂದು ಲಾಯರಮ್ಮ ತನ್ನ ಪಾಲನ್ನು ಗೆರೆಯವರೆಗೆ ಕೆರೆದು ತಿಂದು ಮುಗಿಸಿದಳು. ಗೆರೆ ದಾಟಲಿಲ್ಲ. "ತಿನ್ನು. ಆರ್ತಾ ಇದೆ."

"ನಾನು ಮೇಸ್ತ್ರಿ ಹತ್ರ ಹೋಗಿ, ಸುಳ್ಳು ಹೇಳಿದ್ದೆ ಅಂತೀನಿ."

"ಅವನು ಲೋಟ ನೋಡಿದ್ದಾನಲ್ಲೇ ಹುಚ್ಚಿ."

ಕಡ್ಡಿ ತಿಂದಳು. ಇನ್ನೇನು ಮಾಡಬೇಕೋ ತೋಚಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇದ್ದವಳಂತೆ, ಉಗುಳಲಾರದೆ, ನುಂಗಲಾರದೆ, ಅರ್ಧ ಬಟ್ಟಲು ಪುಡ್ಡಿಂಗನ್ನು ಒಳಗೆ ತಳ್ಳಿದಳು.

ಎರಡು ಗಂಟೆಗೆ ಯಂತ್ರ ಮತ್ತೆ ಶುರುವಾಯಿತು. ಒದ್ದೆ ಬಟ್ಟೆಯ ತಳ್ಳುಗಾಡಿ ತುಂಬಿ ನಿಂತಿತ್ತು, ನಾಲ್ಕರೊಳಗೆ ಖಾಲಿಯಾಗಬೇಕು. ಆಚೆ ತುದಿಯಲ್ಲಿ ಮೇಸ್ತ್ರಿ ಜೇಬಿನಲ್ಲಿ ಮಡಚಿದ ಹಾಳೆ ಇಟ್ಟುಕೊಂಡು, ಹವಾಮಾನ ನೋಡುವವನಂತೆ ಕಿಟಕಿಯ ಹೊರಗೆ ನೋಡುತ್ತಿದ್ದ. ಲಾಯರಮ್ಮ ಎಡಗಡೆ ನಿಂತಳು, ಕಡ್ಡಿ ಬಲಗಡೆ. ಮೊದಲ ಬಟ್ಟೆಯ ಮೂಲೆಗಳನ್ನು ಹುಡುಕಿ ಹಿಡಿದರು, ಎಳೆದರು, ಒಂದು ಸಲ ಕೊಡವಿದರು. ತಣ್ಣನೆಯ ಹನಿ ಇಬ್ಬರ ಮುಖಕ್ಕೂ ಸಿಡಿಯಿತು. ಬಟ್ಟೆ ಉರುಳೆಯತ್ತ ನಡೆಯಿತು.

ಕಡ್ಡಿಯ ಕಣ್ಣು ಲಾಯರಮ್ಮನ ಆ ಮೂರು ಬೆರಳ ಮೇಲಿತ್ತು. ಒಂದು ಗೇಣು. ನಾಲ್ಕು ಬೆರಳು. ಸಕ್ಕರೆ ಅಂಟಿದ ನಾಲಿಗೆಯನ್ನು ಅವಳು ಅಂಗುಳಕ್ಕೆ ಒತ್ತಿ ಹಿಡಿದು ಕಾದಳು.

ಅವಳು 'ಟಕ್' ಎನ್ನುವ ಮೊದಲೇ, ಇನ್ನೂ ನಾಲ್ಕು ಬೆರಳು ದೂರ ಇರುವಾಗಲೇ, ಲಾಯರಮ್ಮ ಕೈ ಬಿಟ್ಟಿದ್ದಳು.

ಬಟ್ಟೆ ಓರೆಯಾಗಿ ಒಳಗೆ ಹೋಯಿತು. ಆಚೆ ಕಡೆಯಿಂದ ಬಿಸಿಬಿಸಿಯಾಗಿ, ಬೆಳ್ಳಗೆ ಹೊರಬಂತು. ಈ ಮೂಲೆಯಿಂದ ಆ ಮೂಲೆಯವರೆಗೆ ಒಂದು ಉದ್ದನೆಯ ಸುಕ್ಕು, ಗೆರೆ ಎಳೆದಂತೆ, ಅದರ ಮೇಲೆ ಕೂತಿತ್ತು. ಲಾಯರಮ್ಮ ಆಗಲೇ ಮುಂದಿನ ಬಟ್ಟೆಯ ಮೂಲೆ ಹುಡುಕುತ್ತಿದ್ದಳು.