ಕಿನಾಯ್ ಮಾಡಿದ ಏಳು ಒಲೆಗಳು

ಕಿನಾಯ್ ಒಲೆ ಮಾಡುವುದರಲ್ಲಿ ಜಾಣೆ, ಇಟ್ಟುಕೊಳ್ಳುವುದರಲ್ಲಿ ದಡ್ಡಿ. ಓನೋಟೋವಾ ದ್ವೀಪದ ಆ ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಿದ್ದರು. ಅದೂ ಅವಳೇ ಮಾಡಿದ ಒಲೆಯ ಮುಂದೆ ಕೂತು ಮೀನು ಬೇಯಿಸಿಕೊಳ್ಳುತ್ತಾ!

ಒಲೆಯೇನು ಮಹಾ ದೊಡ್ಡದಲ್ಲ. ದೊಡ್ಡ ಬಿಸ್ಕತ್ತಿನ ಡಬ್ಬದೊಳಗೆ ತೂತು ಕೊರೆದ ಹಾಲಿನಪುಡಿ ಡಬ್ಬ ಕೂರಿಸಿ, ನಡುವಿನ ಸಂದಿಗೆ ಬೂದಿ ತುಂಬಿ, ಗಾಳಿಯಾಡಲು ಕೆಳಗೊಂದು ಕಿಂಡಿ ಬಿಟ್ಟರೆ ಆಯಿತು. ತರಾವಾ ಪಟ್ಟಣದಲ್ಲಿದ್ದಾಗ ಚರ್ಚಿನ ಹೆಂಗಸರಿಂದ ಕಲಿತ ವಿದ್ಯೆ. ನಾಲ್ಕು ಹಿಡಿ ತೆಂಗಿನ ಚಿಪ್ಪಿಗೆ ಒಂದು ಪಾತ್ರೆ ಅನ್ನ ಬೆಂದು, ಮೇಲೆ ಚಹಾನೂ ಆಗುತ್ತಿತ್ತು. ಹೊಗೆ ಹೆಸರಿಗೂ ಇಲ್ಲ.

ಮೊದಲನೆಯದನ್ನು ಮಾಡಿದ್ದು ಅತ್ತೆ ತಬೇರಾಳಿಗಾಗಿ. ಅತ್ತೆ ದಿನಾ ಮೂರು ಕಲ್ಲಿನ ಒಲೆಯ ಮುಂದೆ ಗಂಟೆಗಟ್ಟಲೆ ಕೂತು ತೆಂಗಿನ ನೀರಾ ಬತ್ತಿಸಿ ಜೋನಿ ಬೆಲ್ಲ ಮಾಡುತ್ತಿದ್ದಳು. ಹೊಗೆ ಕುಡಿದು ಕುಡಿದು ಎದೆಯೊಳಗೆ ಗೊರಗೊರ ಸದ್ದು. ಹೊಸ ಒಲೆಯಲ್ಲಿ ಒಂದೇ ಒಂದು ದಿನ ಸುಖವಾಗಿ ಬೆಲ್ಲ ಕಾಯಿಸಿದಳು. ಮಾರನೆಯ ದಿನ ಪಕ್ಕದ ಮನೆಯ ಅರೋಯ್ತಾ ಬಂದಳು. ಕಿನಾಯ್ ಗಂಡನ ಚಿಕ್ಕಪ್ಪನ ಮಗಳು. ಒಲೆಯ ಸುತ್ತ ಒಂದು ಸುತ್ತು ಹಾಕಿದಳು.

"ಚೆಂದಾಗೈತೆ ಕಣೇ ಕಿನಾಯ್. ನಂಗಿದು ಬೇಕು."

ಇದಕ್ಕೆ ಅಲ್ಲಿ ಬುಬುಸಿ ಅನ್ನುತ್ತಾರೆ. ನೆಂಟರು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವಂತಿಲ್ಲ. ಅಂದವರು ಊರಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಅತ್ತೆಯೇ ನಗುನಗುತ್ತಾ ಒಲೆ ಒರೆಸಿ ಕೊಟ್ಟಳು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅನ್ನುವ ಮಾತು ಆ ದ್ವೀಪದಲ್ಲಿ ಹುಟ್ಟದೆ ಕನ್ನಡನಾಡಿನಲ್ಲಿ ಯಾಕೆ ಹುಟ್ಟಿತೋ ನನಗಂತೂ ಗೊತ್ತಿಲ್ಲ. ಎರಡನೆಯದು ಹೋಯಿತು, ಮೂರನೆಯದೂ ಹೋಯಿತು. ಆರರವರೆಗೆ ಹೀಗೇ ನಡೆಯಿತು.

ಏಳನೆಯದಕ್ಕೆ ಕಿನಾಯ್ ಉಪಾಯ ಹೂಡಿದಳು. ಸುತ್ತ ಹವಳದ ಕಲ್ಲಿಟ್ಟು, ಸಿಮೆಂಟು ಮೆತ್ತಿ, ಒಲೆಯನ್ನು ನೆಲಕ್ಕೇ ಕಚ್ಚಿಸಿಬಿಟ್ಟಳು. ಗಂಡನ ಚಿಕ್ಕಜ್ಜ ಬಕೋವಾ ಬಂದು ಅಲ್ಲಾಡಿಸಿ ನೋಡಿದ.

"ಎತ್ತೋಕೇ ಬರಲ್ವಲ್ಲೇ!"

"ಬರಲ್ಲ ತಾತ," ಎಂದಳು ಕಿನಾಯ್, ಮುಖ ಸಣ್ಣದು ಮಾಡಿಕೊಂಡು.

"ಇರಲಿ ಬಿಡು, ಗಡಾರಿ ತರ್ತೀನಿ."

ತಂದೇಬಿಟ್ಟ.

ಅಲ್ಲಿಗೆ ಬಿಸ್ಕತ್ತಿನ ಡಬ್ಬಗಳೂ ಮುಗಿದವು. ಸಾಮಾನಿನ ಹಡಗು ಎರಡು ತಿಂಗಳಿಂದ ಬಂದಿರಲಿಲ್ಲ. ಅತ್ತೆಯ ಕೆಮ್ಮು ಮಾತ್ರ ಏರುತ್ತಲೇ ಹೋಯಿತು. ದವಾಖಾನೆಯ ನರ್ಸಮ್ಮ ಎದೆಗೆ ಕೊಳವೆಯಿಟ್ಟು ಕೇಳಿ, "ಇನ್ನು ಹೊಗೆ ಹತ್ರ ಸುಳಿದ್ರೆ ನಿಮ್ಮನ್ನ ತರಾವಾ ಆಸ್ಪತ್ರೆಗೇ ಹೊರಿಸ್ಬೇಕಾಗುತ್ತೆ," ಎಂದು ಗದರಿದಳು. ಅತ್ತೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಸಂಜೆಗೆ ಮತ್ತೆ ಮೂರು ಕಲ್ಲಿನ ಮುಂದೆ ಕೂತಳು.

"ನೀನೂ ಹೋಗಿ ಯಾರನ್ನಾದ್ರೂ ಕೇಳಬಾರ್ದೇನೇ?" ಎಂದಳು ಕೆಮ್ಮಿನ ನಡುವೆ.

"ಕೊಟ್ಟಿದ್ದನ್ನ ವಾಪಸ್ ಕೇಳೋದಾ ಅತ್ತೆ? ನನ್ನ ಕೈಲಾಗಲ್ಲ."

ಅದು ನುಂಗಲಾರದ ತುತ್ತು. ಸೇರಿದ ಮನೆಯಲ್ಲಿ ಯಾರ ಮುಂದೂ ಕೈಯೊಡ್ಡಬೇಡ ಎಂದು ಪಟ್ಟಣದಲ್ಲಿದ್ದ ಅವಳವ್ವ ಹೇಳಿ ಕಳಿಸಿದ್ದಳು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಕಿನಾಯ್ ಯಾರನ್ನೂ ಒಂದು ಚಿಟಿಕೆ ಉಪ್ಪು ಕೇಳಿದವಳಲ್ಲ. ಒಳಗೊಳಗೇ ಅದರ ಜಂಬವೂ ಇತ್ತು. ಕೇಳಲು ಬರುವವರೆಲ್ಲ ಅವಳ ಕಣ್ಣಿಗೆ ಹಗಲುಗಳ್ಳರೇ.

ಮಾರನೆಯ ಮಧ್ಯಾಹ್ನ ಅತ್ತೆ ಕೆಮ್ಮಿ ಕೆಮ್ಮಿ ಚಾಪೆಯ ಮೇಲೆ ಒರಗಿಬಿಟ್ಟಳು. ಉಸಿರು ಸಿಗದೆ ತುಟಿ ನೀಲಿಗಟ್ಟಿತ್ತು. ಬೆನ್ನು ನೀವಿ, ಉಸಿರು ತಹಬಂದಿಗೆ ಬಂದ ಮೇಲೆ ಕಿನಾಯ್ ಎದ್ದಳು. ಜಂಬ ಹಾಳಾಗಿ ಹೋಗಲಿ! ಸೀದಾ ಅರೋಯ್ತಾಳ ಅಡಿಗೆ ಗುಡಿಸಲಿಗೆ ಹೋಗಿ ನಿಂತಳು. ಒಲೆಯ ಮೇಲೆ ಮೀನು ಕುದಿಯುತ್ತಿತ್ತು.

"ಅತ್ತಿಗೇ... ನಂಗೆ... ಆ ಒಲೆ ಬೇಕು."

ಅರೋಯ್ತಾಳ ಕೈಯಿಂದ ಸೌಟು ಜಾರಿತು. ಬೈದೇಬಿಡುತ್ತಾಳೆ ಎಂದು ಕಿನಾಯ್ ಕಣ್ಣು ಮುಚ್ಚಿಕೊಂಡಳು.

"ಅವ್ವಾ! ಬಾರವ್ವಾ ಇಲ್ಲಿ! ಕಿನಾಯ್ ಕೇಳಿದ್ಲು! ಬಾಯ್ಬಿಟ್ಟು ಕೇಳಿದ್ಲು!" ಎಂದು ಅರೋಯ್ತಾ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಆಮೇಲೆ ಇವಳ ಎರಡೂ ಕೆನ್ನೆ ಹಿಡಿದು, "ಮೂರು ವರ್ಷದಿಂದ ನಾವೇ ಬಂದ್ಬಂದು ಕೇಳ್ತಿದ್ವಲ್ಲೇ. ನೀನು ಒಂದು ಸೂಜಿನೂ ಕೇಳ್ಲಿಲ್ಲ. ನಾವಿವಳಿಗೆ ಹೊರಗಿನೋರೇ ಆಗೋದ್ವಾ ಅಂತ ನಮ್ಮವ್ವ ಅತ್ತಿದ್ಲು, ಗೊತ್ತಾ?" ಎಂದಳು.

ಕಿನಾಯ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಅರೋಯ್ತಾ ಒಲೆ ಹೊತ್ತು ಮುಂದೆ ನಡೆದಳು, ಅವಳವ್ವ ಮೀನಿನ ಪಾತ್ರೆ ಹಿಡಿದು ಹಿಂದೆ ಬಂದಳು. ಅದೂ ತಬೇರಾಳಿಗೇ.

ಆದರೆ ಅರೋಯ್ತಾಳ ಮನೆಯಲ್ಲೂ ಅಡಿಗೆಯಾಗಬೇಕಲ್ಲ! ಅವಳು ಹೋಗಿ ತನ್ನ ತಂಗಿಯ ಒಲೆ ಕೇಳಿದಳು. ತಂಗಿ ತನ್ನ ನಾದಿನಿಯದನ್ನು ಕೇಳಿದಳು. ಹೊತ್ತು ಮುಳುಗುವುದರೊಳಗೆ ಏಳೂ ಒಲೆಗಳು ಮನೆ ಬದಲಾಯಿಸಿ, ಊರೆಲ್ಲ ನಗೆಯೋ ನಗೆ. ಕೊನೆಗೆ ಬರಿಗೈಯಾದವನು ಬಕೋವಾ ತಾತ. ಉಸ್ಸೆನ್ನುತ್ತಾ ಬಂದು ಕಿನಾಯ್ ಅಂಗಳದಲ್ಲಿ ಕೂತ.

"ನಂಗೊಂದು ಹೊಸ ಒಲೆ ಬೇಕು ಕಣವ್ವ."

"ಬಿಸ್ಕತ್ತಿನ ಡಬ್ಬಾನೇ ಇಲ್ವಲ್ಲ ತಾತ."

"ಅದೆಲ್ಲ ನಂಗೊತ್ತಿಲ್ಲ. ಕೇಳಿದ್ದೀನಿ, ಅಷ್ಟೇ."

"ಆಗ್ಲಿ, ಮಾಡ್ಕೊಡ್ತೀನಿ. ಈಗ ನನ್ನ ಸರದಿ. ನಿನ್ನ ಗಾಳದ ಡಬ್ಬ ಐತಲ್ಲ, ಆ ಬಿಸ್ಕತ್ತಿಂದು, ನಂಗದು ಬೇಕು."

ತಾತನ ಬಾಯಿ ತೆರೆದೇ ಉಳಿಯಿತು. ಆ ಡಬ್ಬವನ್ನು ಅವನ ಹೆಂಡತಿಯೂ ಮುಟ್ಟುವಂತಿರಲಿಲ್ಲ.

"ಅದ್ರೊಳಗೆ ನನ್ನ ಗಾಳ ಅವೆಯಲ್ಲೇ..."

"ಗಾಳಾನೂ ಬೇಕು. ನಿನ್ನ ಮೊಮ್ಮಗನಿಗೆ, ನನ್ನ ಗಂಡಂಗೆ."

ಒಲೆಯ ಮುಂದೆ ಕೂತಿದ್ದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇವಳಿಗೆ ಕೇಳೋದು ಕಲಿಸಿ ನಾವೇ ಕೆಟ್ವಲ್ಲಪ್ಪಾ," ಎಂದು ಗೊಣಗುತ್ತಾ ತಾತ ಡಬ್ಬ ತರಲು ಎದ್ದ.

"ತಾತಾ, ಬರೋವಾಗ ಎರಡು ಮೀನೂ ತಗೊಂಬಾ!" ಎಂದು ಕಿನಾಯ್ ಹಿಂದಿನಿಂದ ಕೂಗಿದಳು.

ತಾತ ತಿರುಗಿ ನೋಡದೆಯೇ ಕೈಯೆತ್ತಿ, ಆಗಲಿ ಎಂದ.