ಬ್ರೇಕಿನ ನಟ್ಟು

ಆ ದಿನ ಬೆಳಗ್ಗೆ ಮಳೆ ಎನ್ನಲೂ ಬಾರದು, ಇಬ್ಬನಿ ಎನ್ನಲೂ ಬಾರದು, ಅಂಥ ಸಣ್ಣ ಹನಿ ಬೀಳುತ್ತಿತ್ತು. ಗ್ಯಾರೇಜಿನ ಶಟರ್ ಎತ್ತಿದ ಮೆಕ್ಯಾನಿಕ್ ಆಕಾಶ ನೋಡಿ, ಇದು ಇನ್ನೊಂದು ಗಂಟೆ ನಿಲ್ಲದಿರಲಪ್ಪ ದೇವರೇ ಎಂದು ಬೇಡಿಕೊಂಡ. ಒದ್ದೆ ರಸ್ತೆಯಲ್ಲಿ ಕಾರಿನ ಹುಳುಕು ಬೇಗ ಹೊರಬೀಳುತ್ತದೆ. ಅವನಿಗೆ ಇವತ್ತು ಹುಳುಕೇ ಬೇಕಾಗಿತ್ತು.

ಕಾರು ಕೊಳ್ಳಹೊರಟವಳು ಅವನ ಅಕ್ಕ. ಇಪ್ಪತ್ತೆಂಟು ವರ್ಷ ಆಂಬ್ಯುಲೆನ್ಸ್ ಓಡಿಸಿ ಹೋದ ತಿಂಗಳಷ್ಟೇ ನಿವೃತ್ತಳಾಗಿದ್ದಳು. ಅಷ್ಟು ವರ್ಷವೂ ಬೀದಿಯಲ್ಲಿ ಸೈರನ್ ಕೇಳಿಸಿದಾಗಲೆಲ್ಲ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಆ ಸದ್ದು ಪೂರ್ತಿ ಕರಗುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಇನ್ನಾದರೂ ಅಕ್ಕ ಮನೆಯಲ್ಲಿ ನೆಮ್ಮದಿಯಾಗಿರುತ್ತಾಳೆ ಎಂದುಕೊಂಡಿದ್ದ. ಅವಳು ನೋಡಿದರೆ ಊರಿನ ಹಲ್ಲಿನ ಡಾಕ್ಟರು ಮಾರಲಿಟ್ಟಿದ್ದ ಮಸಲ್ ಕಾರಿನ ಮೇಲೆ ಕಣ್ಣಿಟ್ಟು ಕೂತಿದ್ದಳು. ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್. ಒಳಗೆಲ್ಲ ಹೊಸ ಕಾಲದ ಕಂಪ್ಯೂಟರ್, ಹೊರಗೆ ಹಳೇ ಪೈಲ್ವಾನನ ಮೈಕಟ್ಟು.

“ನೀನೇ ತೂಗಿ ಹೇಳು. ಡಬ್ಬಿ ಬೇಡ ಅಂದ್ರೆ ನಾನು ಮತ್ತೆ ಆ ಮಾತೆತ್ತಲ್ಲ” ಎಂದಿದ್ದಳು.

ಆ ಗ್ಯಾರೇಜಿನ ತೂಕವೇ ಬೇರೆ. ಅಪ್ಪನ ಕಾಲದಿಂದ ಅಲ್ಲಿ ಎರಡು ತಗಡಿನ ಡಬ್ಬಿಗಳಿದ್ದವು. ಯಾರಾದರೂ ಹಳೆಯ ಗಾಡಿ ಕೊಳ್ಳುವ ಮುಂಚೆ ತಂದು ತೋರಿಸಿದರೆ, ಒಬ್ಬನೇ ಓಡಿಸಿ ನೋಡಿ, ಕಂಡ ಪ್ರತಿ ಗುಣಕ್ಕೂ ಒಂದು ಡಬ್ಬಿಗೆ ನಟ್ಟು, ಪ್ರತಿ ದೋಷಕ್ಕೂ ಇನ್ನೊಂದಕ್ಕೆ ವಾಷರ್ ಹಾಕುವುದು. ನಟ್ಟು ಹೆಚ್ಚಾದರೆ ಕೊಳ್ಳಿ, ವಾಷರ್ ಹೆಚ್ಚಾದರೆ ಬಿಡಿ. ಸಮ ಬಂದರೆ ಕೊಳ್ಳುವವರ ಇಷ್ಟ. ಡಬ್ಬಿ ಮುಟ್ಟುವ ಮುಂಚೆ ಅಪ್ಪ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಮಗನೂ ಅದನ್ನು ಬಿಟ್ಟಿರಲಿಲ್ಲ. ದೇವರ ಮುಂದೆ ಆಡಿದ ಮಾತಿಗೂ ಡಬ್ಬಿಗೆ ಹಾಕಿದ ನಟ್ಟಿಗೂ ಆ ಮನೆಯಲ್ಲಿ ಭೇದವಿರಲಿಲ್ಲ.

ಅಕ್ಕನೂ ಡಾಕ್ಟರೂ ಬೆಂಚಿನ ಮೇಲೆ ಕೂತರು. ಮೆಕ್ಯಾನಿಕ್ ಕಣ್ಣು ಮುಚ್ಚಿ ತೆರೆದು, ಡಬ್ಬಿಗಳನ್ನು ಪಕ್ಕದ ಸೀಟಿನ ಮೇಲಿಟ್ಟು, ಕಾರು ಹೊರಗೆ ತೆಗೆದ.

ಆಕ್ಸಲರೇಟರ್ ಮೇಲೆ ಕಾಲು ಸೋಕಿದ್ದೇ ತಡ, ಬೆನ್ನು ಸೀಟಿಗೆ ಅಂಟಿತು. ಒಪ್ಪದೆ ವಿಧಿಯಿಲ್ಲ, ನಟ್ಟು. ಗೇರು ಬೆಣ್ಣೆಯ ಹಾಗೆ ಬಿತ್ತು, ಇನ್ನೊಂದು ನಟ್ಟು. ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಬಾಲ ಆಡಿಸಿತು. ಬೇಡಿಕೊಂಡದ್ದು ಫಲಿಸಿತು ಎಂದು ಖುಷಿಯಿಂದ ವಾಷರ್ ಹಾಕಿದ. ಅಷ್ಟರಲ್ಲಿ ನಾಯಿಯೊಂದು ಅಡ್ಡ ಬಂತು. ಗಕ್ಕನೆ ಬ್ರೇಕ್ ಒತ್ತಿದ. ಅಷ್ಟು ಭಾರದ ಕಾರು, ಅಷ್ಟು ನುಣುಪು ರಸ್ತೆ. ಆದರೂ ಗಾಡಿ ಒಂದಿಷ್ಟೂ ಓಲಾಡದೆ, ಮೊಳೆ ಹೊಡೆದ ಹಾಗೆ ನಿಂತಿತು. ನಾಯಿ ಇವನನ್ನೇ ಒಮ್ಮೆ ನೋಡಿ ನಿಧಾನಕ್ಕೆ ದಾಟಿಹೋಯಿತು. ನಲವತ್ತು ವರ್ಷದ ಕಸುಬಿನಲ್ಲಿ ಇಂಥ ಬ್ರೇಕನ್ನು ಅವನು ಕಂಡಿರಲಿಲ್ಲ.

ನಟ್ಟನ್ನು ಕೈಗೆತ್ತಿಕೊಂಡ. ಡಬ್ಬಿಯ ತನಕ ಹೋದ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲನೆ ಅಂಗಿಯ ಜೇಬಿಗೆ ಇಳಿಯಿತು.

ಮರಳಿ ಬಂದು ಎರಡೂ ಡಬ್ಬಿಗಳನ್ನು ಬೆಂಚಿನ ಮೇಲೆ ಸುರಿದ. ನಾಲ್ಕು ನಟ್ಟು, ಐದು ವಾಷರ್.

“ಎಂಜಿನ್, ಗೇರ್, ಸ್ಟೇರಿಂಗ್, ತುಕ್ಕು ಹಿಡಿಯದ ಬಾಡಿ. ಇವು ನಾಲ್ಕು ಒಳ್ಳೇದು” ಎಂದ. “ಇನ್ನು ಕೆಟ್ಟದ್ದು. ಒದ್ದೆ ರಸ್ತೇಲಿ ಹಿಂದಿನ ಚಕ್ರ ಜಾರುತ್ತೆ. ಪೆಟ್ರೋಲ್ ಹೀರುತ್ತೆ.”

“ನಿನ್ನ ಭಾವ ದಿನಕ್ಕೆ ಹತ್ತು ಲೋಟ ಟೀ ಹೀರ್ತಿದ್ರು. ಬಿಟ್ಟುಬಿಟ್ಟೆನಾ?”

“ಹಿಂದಿನ ಕಿಟಕಿ ಅಂಗೈಯಗಲ. ಹಿಂದಿನ ಸೀಟಲ್ಲಿ ಕೊಡೆ ಮಲಗಿಸಬಹುದು, ಮನುಷ್ಯರು ಕೂರೋ ಹಾಗಿಲ್ಲ.”

“ನಾನು ಮಾರ್ತಿರೋದೇ ಅದಕ್ಕಲ್ವಾ. ಮನೇಲಿ ಅವಳಿ ಹುಟ್ಟಿವೆ” ಎಂದರು ಡಾಕ್ಟರು, ಸೋತವರಂತೆ.

“ಕೊನೇದು ಈ ಕಾರು ಗುಡುಗೋ ಸದ್ದು. ಅರ್ಧ ಗುಡುಗು ಎಂಜಿನ್‌ದಲ್ಲ ಅಕ್ಕ, ಒಳಗಿರೋ ಸ್ಪೀಕರ್‌ದು. ನಾನೂ ಮೊದಲು ಏನು ಎಂಜಿನ್ನಪ್ಪಾ ಅಂತ ತಲೆದೂಗಿಬಿಟ್ಟೆ.”

ಅಕ್ಕ ನಕ್ಕಳು. “ಊರಿಗೆಲ್ಲ ಕಿವಿಯಲ್ಲೇ ಕಾಯಿಲೆ ಹೇಳೋ ನಿನಗೇ ಟೋಪಿ ಹಾಕಿತಾ? ಅದಕ್ಕೇ ಒಂದು ನಟ್ಟು ಕೊಡಬೇಕಿತ್ತು.” ನಗು ನಿಂತ ಮೇಲೆ ಕೇಳಿದಳು, “ಬ್ರೇಕು?”

“ಇದೆ” ಎಂದ, ವಾಷರುಗಳನ್ನು ಒಟ್ಟುಮಾಡುತ್ತ. “ಪರವಾಗಿಲ್ಲ.”

ಅವಳು ವಾದ ಮಾಡಿದ್ದರೆ, ರೇಗಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೆಂಚಿನ ಮೇಲಿದ್ದ ಕಾರಿನ ಕೀಲಿ ಎತ್ತಿಕೊಂಡು, ಸೆರಗಿನ ತುದಿಯಿಂದ ಅದರ ಮೇಲಿನ ಹನಿ ಒರೆಸಿದಳು.

“ಇಪ್ಪತ್ತೆಂಟು ವರ್ಷ ಜೋರಾಗಿ ಓಡಿಸಿದೀನಿ ಕಣೋ” ಎಂದಳು ಸಣ್ಣಗೆ. “ಒಂದು ದಿನವೂ ನನಗೋಸ್ಕರ ಅಲ್ಲ. ಹಿಂದೆ ಯಾವಾಗಲೂ ಯಾರೋ ಒಬ್ಬರು ನರಳ್ತಾ ಇರೋರು. ವೇಗ ಅಂದ್ರೆ ನಂಗೆ ಆ ನರಳಾಟವೇ ಕೇಳಿಸೋದು. ಹಿಂದೆ ಯಾರೂ ಮಲಗಿರದ ಗಾಡೀನ ಒಂದ್ಸಲ ಖಾಲಿ ರಸ್ತೇಲಿ ಓಡಿಸಿ, ನಗಬೇಕು ಅನ್ನಿಸಿತ್ತು. ಅಷ್ಟೇ. ಇರಲಿ ಬಿಡು, ನೀನು ಸುಳ್ಳು ತೂಗೋನಲ್ಲ.”

ಮೆಕ್ಯಾನಿಕನ ಕೈ ವಾಷರುಗಳ ಮೇಲೆ ನಿಂತುಬಿಟ್ಟಿತು. ಸೈರನ್ ಕೇಳಿ ತಾನು ಉಸಿರು ಹಿಡಿದ ದಿನಗಳನ್ನೆಲ್ಲ ಅವನು ಎಣಿಸಿಕೊಂಡಿದ್ದ. ಆ ಸೈರನ್ನಿನ ಕೆಳಗೆ ಕೂತವಳು ಎಷ್ಟು ದಿನ ಉಸಿರು ಹಿಡಿದಿದ್ದಳೋ, ಅದನ್ನು ಒಮ್ಮೆಯೂ ಎಣಿಸಿರಲಿಲ್ಲ. ಹೆದರಿಕೆ ತನ್ನದು, ಅದನ್ನು ಕಾರಿನ ತೂಕಕ್ಕೆ ಸೇರಿಸಿದ್ದ. ಅಪ್ಪನಾಗಿದ್ದರೆ ಸೇರಿಸುತ್ತಿರಲಿಲ್ಲ.

ಹೊರಗೆ ಹನಿ ನಿಂತಿತ್ತು. ಡಾಕ್ಟರು ಬೇಸರದಿಂದಲೇ ಎದ್ದು ಕೀಲಿಗಾಗಿ ಕೈ ಚಾಚಿದರು. ಅಕ್ಕನೂ ಎದ್ದಳು.

“ಅಕ್ಕ, ತಾಳು” ಎಂದ ತಮ್ಮ.

ಒಂದು ಕ್ಷಣ ಕಣ್ಣು ಮುಚ್ಚಿದ. ಜೇಬಿಗೆ ಕೈ ಹಾಕಿ, ಮೈ ಬಿಸಿಗೆ ಬೆಚ್ಚಗಾಗಿದ್ದ ನಟ್ಟನ್ನು ತೆಗೆದು, ಅವಳ ಇನ್ನೊಂದು ಅಂಗೈಯಲ್ಲಿಟ್ಟ.

“ಬ್ರೇಕಿಂದು” ಎಂದ.